ಹಳ್ಳ ದಾಟಿದ ನಾಲ್ಕು ಹುಣಸೆಬೀಜ

ನಮ್ಮ ಮನೆಯಲ್ಲಿ ಯುದ್ಧ ನಡೆಯುತ್ತಿದ್ದದ್ದು ಒಂದು ಬಾಗಿಲಿನ ಮೇಲೆ.

ಬಾಗಿಲು ಅಂದರೆ ನಿಜವಾದ ಬಾಗಿಲೇ. ಸಾಗುವಾನಿಯದು, ಅತ್ತೆಯ ಹಳೆಯ ಮನೆ ಕೆಡವಿದಾಗ ಉಳಿದದ್ದು. ಎಂಬತ್ತರ ದಶಕದಲ್ಲಿ ನಾವು ಕಲಬುರಗಿಯಲ್ಲಿ, ಸೇಡಂ ರಸ್ತೆಯ ಒಂದು ಓಣಿಯಲ್ಲಿ, ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ಆ ಮನೆಗೆ ಅದರದೇ ಬಾಗಿಲಿತ್ತು, ಇದು ಹೆಚ್ಚಿನದು. ಮಾರಲು ಅತ್ತೆ ಬಿಡಲಿಲ್ಲ. ಕಡೆಗೆ ನನ್ನ ಗಂಡ ಅದನ್ನು ಅತ್ತೆಯ ಎರಡು ತಗಡಿನ ಟ್ರಂಕುಗಳ ಮೇಲೆ ಅಡ್ಡಲಾಗಿ ಇಟ್ಟರು. ಮೇಲೆ ದುಪ್ಪಟಿ ಹಾಸಿದರು. ದುಪ್ಪಟಿಯ ಅಡಿ ಎರಡು ಬಟ್ಟಲು ಬೋರಲು ಹಾಕಿದರೆ ಗುಡ್ಡ, ನನ್ನ ಹಳೆಯ ನೀಲಿ ರಿಬ್ಬನ್ನು ಉದ್ದಕ್ಕೆ ಚಾಚಿದರೆ ಹಳ್ಳ. ಅಲ್ಲಿ ಫೌಜು ನಿಲ್ಲುತ್ತಿತ್ತು. ಫೌಜು ಅಂದರೆ ಹುಣಸೆಬೀಜ.

ನಗಬೇಡಿ. ಆ ಹುಣಸೆಬೀಜಗಳ ದೆಸೆಯಿಂದ ನನ್ನ ತವರುಮನೆಯೇ ಕೈಬಿಟ್ಟುಹೋಗುವುದರಲ್ಲಿತ್ತು.

ಆಟ ಹುಟ್ಟಿದ್ದು ನನ್ನ ಲಗ್ನಕ್ಕೆ ಮೊದಲು. ನಮ್ಮ ಅಣ್ಣ ಕಮಲಾಪುರದಿಂದ ಕಾಲೇಜಿಗೆಂದು ಕಲಬುರಗಿಗೆ ಬಂದು ಖೋಲಿ ಹಿಡಿದಾಗ ಜೊತೆಗಿದ್ದವರೇ ನನ್ನ ಗಂಡ. ಆಗಿನ್ನೂ ಗಂಡನಲ್ಲ, ಅಣ್ಣನ ದೋಸ್ತ. ಇಬ್ಬರಿಗೂ ರದ್ದಿ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತಂತೆ. ಅದರಲ್ಲಿ ಸೀಸದ ಸಿಪಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ಕಾಲಾಳುಗಳ ಯುದ್ಧ ಆಡುವ ರೀತಿಯನ್ನು ಒಬ್ಬ ಪರದೇಶಿ ಬರೆದಿದ್ದ. ಹೇಗೆ ನಡೆಯಬೇಕು, ಹೇಗೆ ಗುಂಡು ಹೊಡೆಯಬೇಕು, ಗೋಡೆಯ ಮರೆಗೆ ನಿಂತವನಿಗೆ ಏನು ರಿಯಾಯಿತಿ, ಎಲ್ಲ ಇತ್ತು. ಮುಂದಿನ ಪುಟದ ತಲೆಗೆ ಸರದಾರರ ಕುರಿತು, ಸರದಾರನಿಂದ ಅಗಲಿದ ತುಕಡಿಯ ಕುರಿತು ಅಂತಷ್ಟೇ ಇತ್ತು. ಕೆಳಗಿನದು ಹರಿದುಹೋಗಿತ್ತು. ಅಂಗಡಿಯವನನ್ನು ಕೇಳಿದರೆ, ಶೇಂಗಾದವನು ಪುಡಿಕೆ ಕಟ್ಟಲು ಒಯ್ದ ಎಂದನಂತೆ. ಆ ಪುಟ ಕಲಬುರಗಿಯ ಯಾವ ಬೀದಿಯಲ್ಲಿ ಯಾರಿಗೆ ಶೇಂಗಾ ತಿನ್ನಿಸಿ ಗಾಳಿಗೆ ಹೋಯಿತೋ.

ಹೀಗಾಗಿ ಆ ಒಂದು ನಿಯಮವನ್ನು ಇಬ್ಬರೂ ಸೇರಿ ಕಟ್ಟಬೇಕಾಯಿತು. ಉಳಿದದ್ದಕ್ಕೆ ಜಗಳವಿರಲಿಲ್ಲ. ಅಣ್ಣನ ಸಿಪಾಯಿಗಳು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ಬೀಜ, ಇವರವು, ಅಂದರೆ ನನ್ನ ಗಂಡನವು, ತಿಕ್ಕದ ಕರಿಯವು. ಎಂಟು ಬೀಜಕ್ಕೊಂದು ತುಕಡಿ, ತುಕಡಿಗೊಬ್ಬ ಸರದಾರ. ಸರದಾರ ಅಂದರೆ ಒಂದು ಗುಲಗಂಜಿ. ಮಶಿನ್‌ಗನ್ನಿನ ಬದಲು ಸೀರೆಪಿನ್ನು. ಗುಂಡು ತಗಲಿತೋ ಇಲ್ಲವೋ ಎಂದು ತಿಳಿಯಲು ಕವಡೆ. ಸರದಾರನ ದನಿ ಎಲ್ಲಿಯವರೆಗೆ ಕೇಳುತ್ತದೆ ಎಂಬುದಕ್ಕೆ ಮೊದಲು ಗೇಣು ಹಾಕುತ್ತಿದ್ದರು. ಇವರ ಗೇಣು ದೊಡ್ಡದು, ಅಣ್ಣನದು ಸಣ್ಣದು, ಅದಕ್ಕೂ ಕಚ್ಚಾಟವಾಗಿ ಒಂದು ಜೋಳದ ದಂಟು ಕತ್ತರಿಸಿ ಇಟ್ಟುಕೊಂಡರು. ಅದರ ಹೆಸರು ಕೂಗಳತೆ. ಸರದಾರನಿಂದ ಕೂಗಳತೆಯೊಳಗೆ ಇದ್ದವರು ಅವನ ಮಾತಿನಂತೆ ನಡೆಯಬೇಕು. ಆಚೆ ಹೋದವರು ಏನು ಮಾಡಬೇಕು?

ಇವರು ಹೇಳುತ್ತಿದ್ದರು, ಇದ್ದಲ್ಲೇ ಇರಬೇಕು. ಎದುರಿಗೆ ಬಂದವರಿಗೆ ಗುಂಡು ಹೊಡೆಯಬಹುದು, ಹೆಜ್ಜೆ ಕಿತ್ತಿಡುವಂತಿಲ್ಲ, ಸರದಾರನೇ ಹತ್ತಿರ ಬಂದು ಕರೆದೊಯ್ಯಬೇಕು. ಅಣ್ಣ ಹೇಳುತ್ತಿದ್ದ, ಅವರಲ್ಲೇ ಹಿರಿಯನೊಬ್ಬ ಸರದಾರನಾಗುತ್ತಾನೆ, ತುಕಡಿ ನಡೆಯುತ್ತದೆ. ಇಬ್ಬರೂ ಆಡುವಾಗ ಹೊಂದಿಸಿಕೊಂಡು ಹೋಗುತ್ತಿದ್ದರು. ಬರೆದಿಟ್ಟುಕೊಂಡಿರಲಿಲ್ಲ. ದೋಸ್ತಿಯಲ್ಲಿ ಬರೆದುಕೊಳ್ಳುವುದೇನು?

ಆಟದ ನಡುವೆ ನನ್ನ ಲಗ್ನ ಹೇಗೆ ಕೂಡಿಬಂತು ಅನ್ನುವುದು ದೊಡ್ಡ ಕಥೆಯಲ್ಲ. ಅಪ್ಪ ತೀರಿಕೊಂಡಿದ್ದ. ಅಣ್ಣ ಕಾಲೇಜು ಅರ್ಧಕ್ಕೆ ಬಿಟ್ಟು ಊರಿಗೆ ಬಂದು ಬಾಳೆತೋಟ ಹಿಡಿದಿದ್ದ. ಮನೆಯ ಹಿರಿಯ ಅವನೇ. ತಂಗಿಗೆ ವರ ಹುಡುಕುವ ಕೆಲಸವೂ ಅವನದೇ. ಹುಡುಕಿದ ಎಂದೇನಿಲ್ಲ, ಎದುರಿಗೆ ಕುಳಿತು ಹುಣಸೆಬೀಜ ಸರಿಸುತ್ತಿದ್ದವನಿಗೆ, ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕ ವರ್ಷವೇ, ಕೊಟ್ಟ. ನಾನು ಕಲಬುರಗಿಗೆ ಬಂದ ಮೇಲೆ ಕವಡೆ ಎಸೆಯುವುದು ನನ್ನ ಪಾಲಿಗೆ ಬಂತು. ಅವನು ಎಸೆದರೆ ಇವರಿಗೆ ನಂಬಿಕೆಯಿಲ್ಲ, ಇವರು ಎಸೆದರೆ ಅವನಿಗಿಲ್ಲ.

ಜಗಳವಾದದ್ದು ಒಂದು ಭಾನುವಾರ ಮಧ್ಯಾಹ್ನ. ಅಣ್ಣ ಎಂದಿನಂತೆ ಕೆಂಪು ಬಾಳೆಯ ಚಿಪ್ಪು ಹಿಡಿದುಕೊಂಡು ಬೆಳಗಿನ ಬಸ್ಸಿಗೇ ಬಂದಿದ್ದ. ಊಟದ ನಂತರ ಆಟ. ಅವನ ಒಂದು ತುಕಡಿ ಹಳ್ಳ ದಾಟುವಾಗ ಇವರ ಪಿನ್ನು ಗುಂಡಿನ ಮಳೆಗರೆಯಿತು. ಕವಡೆ ಎಸೆದವಳು ನಾನೇ. ಗುಲಗಂಜಿ ಸತ್ತಿತು, ನಾಲ್ಕು ಬಿಳಿ ಬೀಜ ಸತ್ತವು, ಉಳಿದ ನಾಲ್ಕು ರಿಬ್ಬನ್ನಿನ ಆಚೆ ಹೋಗಿ ಬಿದ್ದವು. ಸರಿಯಾಗಿ ಇವರ ಪಿನ್ನಿನ ಬೆನ್ನಿಗೆ. ಇನ್ನರ್ಧ ದಂಟು ನಡೆದರೆ ಪಿನ್ನು ಅವರದು, ಆಟ ಅಣ್ಣನದು.

ಅಣ್ಣ ಬೆರಳು ಚಾಚಿದ. ಇವರು ಅವನ ಕೈ ಹಿಡಿದರು.

"ಎಲ್ಲಿಗಿ ಒಯ್ಲತ್ತಿ? ಅವ್ರ ಸರದಾರ ಸತ್ತಾನ. ಇನ್ನೊಬ್ಬ ಸರದಾರ ಈ ದಂಡಿಗಿ ಇದ್ದಾನ. ದಂಟು ಇಟ್ಟು ನೋಡು, ಕೂಗಳತಿ ಮುಟ್ಟಂಗಿಲ್ಲ."

"ಮುಟ್ಟಂಗಿಲ್ಲ, ಒಪ್ದೆ. ಅವ್ರಿಗಿ ಕಣ್ಣಿಲ್ಲೇನು? ಎದುರಿಗಿ ಗನ್ನು ಕಾಣ್ಲತ್ತದ."

"ಕಾಣ್ಲಿ. ಕೂತು ನೋಡ್ಲಿ."

"ಮನಷ್ಯಾರಪ್ಪ ಅವ್ರು."

"ಹುಣಸಿಬೀಜ ಅವ."

ಅಣ್ಣ ನಕ್ಕ. ಅಲ್ಲಿಯವರೆಗೂ ನಗೆ ಇತ್ತು. "ಲೇ ದೋಸ್ತ, ತ್ವಾಟಕ್ಕ ನೀರು ಬಿಡುವಾಗ ನಾ ಮೋಟರ್ ಹತ್ರ ಇರ್ತೀನಿ, ಆಳು ಮಡಿ ಹತ್ರ ಇರ್ತಾನ. ನನ್ನ ದನಿ ಅವನಿಗಿ ಕೇಳಂಗಿಲ್ಲ. ಮಡಿ ತುಂಬ್ತು ಅಂದ್ರ ಅಂವ ತಾನ ಮುಂದಿನ ಮಡಿಗಿ ನೀರು ತಿರುವ್ತಾನ. ನಾ ಬರೂತನಾ ಕೂತ್ರ ಬಾಳಿ ಕೊಳೀತದ."

"ತಪ್ಪು ಮಡಿಗಿ ತಿರುವಿದ್ರ?"

"ಬೈತೀನಿ."

"ಸತ್ತವ್ರನ್ನ ಬೈಲಿಕ್ಕಿ ಬರಂಗಿಲ್ಲ. ಹೇಳದ ಕೇಳದ ಮುಂದ ಹೋದವ್ರು ತಮ್ಮವ್ರ ಗುಂಡಿಗೇ ಬೀಳ್ತಾರ. ಇಲ್ಲಿಂದ ನಿನ್ನ ಇನ್ನೊಂದು ತುಕಡಿ ಆ ಗನ್ನಿಗಿ ಹೊಡ್ಯೋದದ. ಅಲ್ಲಿ ತಮ್ಮವ್ರು ಬಂದಾರ ಅಂತ ಅವ್ರಿಗಿ ಯಾರು ಹೇಳ್ಬೇಕು?"

ಮಾತಿನಲ್ಲಿ ತಥ್ಯವಿತ್ತು, ಅದನ್ನು ಈಗಲೂ ಒಪ್ಪುತ್ತೇನೆ. ಅಣ್ಣ ದಂಟನ್ನು ದುಪ್ಪಟಿಯ ಮೇಲೆ ಒಗೆದ. ಉತ್ತರ ತೋಚದವನ ಬಾಯಿಂದ ಬರುವುದು ಯಾವಾಗಲೂ ಬೇರೆ ಮಾತೇ. "ನಿಮ್ಮ ಆಫೀಸಿನ ರೂಢಿ ಇದು. ಸಾಹೇಬ ರಜಾದ ಮ್ಯಾಲೆ ಹೋದ್ರ ನೀವು ಫೈಲಿನ ಮ್ಯಾಲಿನ ನೊಣಾನೂ ಹೊಡಿಯಂಗಿಲ್ಲ. ಹುಕುಂ ಬೇಕು."

ಇವರ ಮುಖ ಬಿಗಿಯಿತು. "ಹೌದು. ನಮ್ಮಲ್ಲಿ ಹೇಳವ್ರು ಕೇಳವ್ರು ಇದ್ದಾರ. ನಿಮ್ಮ ಮನ್ಯಾಗ ಹೇಳಾಂವ ಸತ್ತ ಮ್ಯಾಲೆ ಯಾರು ಬೇಕಾದವ್ರು ಸರದಾರರ."

ಕವಡೆ ನನ್ನ ಮುಷ್ಟಿಯಲ್ಲೇ ಉಳಿದವು. ಅಪ್ಪ ಸತ್ತಾಗ ಅಣ್ಣನ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಹೆಣ ಮನೆಯಲ್ಲಿದ್ದಾಗಲೇ ತೋಟಕ್ಕೆ ಹೋಗಿ ಮೋಟರ್ ನಿಲ್ಲಿಸಿ ಬಂದವನು ಅವನು. ಆ ಹೊತ್ತಿನಿಂದ ಯಾರೂ ಹುಕುಂ ಕೊಡದೆ ಮನೆ ನಡೆಸಿದವನು. ಇವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆಡಿದರು.

ಇಬ್ಬರೂ ನನ್ನ ಕಡೆ ತಿರುಗಿದರು. "ನೀ ಹೇಳು, ನಡೀತಾವೇನು ಇಲ್ಲೇನು?" ನಡೆಯುತ್ತವೆ ಎಂದರೆ ತವರಿನ ಪಕ್ಷ, ಇಲ್ಲ ಎಂದರೆ ಗಂಡನ ಪಕ್ಷ. ನಾನು "ಚಾ ಆರ್ಲತ್ತದ" ಎಂದೆ. ಇಬ್ಬರಿಗೂ ನನ್ನ ಮೇಲೆಯೇ ಸಿಟ್ಟು ಬಂತು.

ಅಣ್ಣ ಎದ್ದ. ಚಹ ಮುಟ್ಟಲಿಲ್ಲ. ಹೊರಗೆ ಚಪ್ಪಲಿ ಮೆಟ್ಟಿಕೊಂಡು, ಹಿಂದೆಂದೂ ಇವರಿಗೆ ಬಹುವಚನ ಹಚ್ಚಿ ಮಾತಾಡದವನು, ನಿಧಾನವಾಗಿ ಹೇಳಿದ. "ಬೀಗರ, ಆ ನಾಲ್ಕು ಬೀಜ ನಡೀತಾವ ಅಂತ ನೀವು ಒಪ್ಪೂತನಾ ನಾ ಈ ಹೊಸ್ತಿಲಾ ತುಳ್ಯಂಗಿಲ್ರಿ."

"ಆಗ್ಲಿರಿ, ಬೀಗರ" ಎಂದರು ಇವರು. "ಅವು ಅಲ್ಲೇ ಇರ್ತಾವ."

ಕೂಡಿ ಒಂದೇ ತಟ್ಟೆಯಲ್ಲಿ ಉಂಡವರು ಒಬ್ಬರಿಗೊಬ್ಬರು ಬೀಗರಾದದ್ದು ಹೀಗೆ. ನಮ್ಮ ಕಡೆ ಜಗಳದಲ್ಲಿ ಏಕವಚನ ಬಂದರೆ ಹೆದರಬೇಕಿಲ್ಲ. ರೀ ಬಂತೆಂದರೆ ಮನೆಯವರು ಬಾಗಿಲ ಚಿಲಕ ನೋಡಿಕೊಳ್ಳಬೇಕು.

ಆಗ ಆಷಾಢ ನಡೆದಿತ್ತು. ಶ್ರಾವಣ ಬಂದರೆ ಪಂಚಮಿ. ಲಗ್ನವಾದ ವರ್ಷ ಅಣ್ಣತಮ್ಮಕಿಯಲ್ಲಿ, ಅಂದರೆ ದಾಯಾದಿಗಳಲ್ಲಿ, ಸಾವಾಗಿ ಹಬ್ಬ ನಿಂತಿತ್ತು, ಆದ್ದರಿಂದ ನನಗೆ ಇದೇ ಮೊದಲ ಪಂಚಮಿ. ಅಣ್ಣ ಬಂದು ಗಂಡನ ಮನೆಯ ಬಾಗಿಲಲ್ಲಿ ನಿಂತು ಕರೆಯಬೇಕು, ಕರೆದ ಮೇಲೆ ತಂಗಿ ಹೋಗಬೇಕು, ಜೋಕಾಲಿ ಆಡಿ ನಾಗಪ್ಪನಿಗೆ ಹಾಲೆರೆದು ಉಂಡಿಯ ಬುಟ್ಟಿ ಹೊತ್ತು ತಿರುಗಿ ಬರಬೇಕು. ಕರೆಯದೆ ಹೋಗುವ ರೂಢಿ ಇಲ್ಲ. ಮೊದಲ ಪಂಚಮಿ ತಪ್ಪಿದವಳಿಗೆ ತವರು ತಪ್ಪಿತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಮುಂದೆ ಕರೆದರೂ ಅದು ಸಾಲ ತೀರಿಸಿದ ಹಾಗೆ, ಪ್ರೀತಿಯದಲ್ಲ. ಅಣ್ಣ ಹೊಸ್ತಿಲು ತುಳಿಯುವುದಿಲ್ಲ ಎಂದ ಮೇಲೆ ಕರೆಯುವುದು ಎಲ್ಲಿಂದ?

ಇವರು ಬಾಗಿಲಿನ ಮೇಲಿನ ಫೌಜನ್ನು ತೆಗೆಯಲಿಲ್ಲ. ಆ ನಾಲ್ಕು ಬಿಳಿ ಬೀಜ ರಿಬ್ಬನ್ನಿನ ಆಚೆ ಕುಳಿತೇ ಇದ್ದವು. ಕಸ ಗುಡಿಸುವಾಗ ಟ್ರಂಕಿಗೆ ಕಸಬರಿಗೆ ತಾಗಿದರೆ ಸಾಕು, "ಅಲುಗಾಡಿಸಬ್ಯಾಡ" ಎಂದು ಒಳಗಿನಿಂದ ದನಿ ಬರುತ್ತಿತ್ತು. ಅತ್ತೆಗೆ ಬೇರೆಯೇ ಸಂಕಟ. ನಾಗಪ್ಪನಿಗೆ ಹಾಲೆರೆಯುವ ಹಿತ್ತಾಳೆಯ ಗಿಂಡಿ ಆ ಟ್ರಂಕಿನೊಳಗೇ ಇತ್ತು. ಬಾಗಿಲು ಎತ್ತದೆ ಟ್ರಂಕು ತೆಗೆಯಲು ಬರುವುದಿಲ್ಲ.

"ಏನೋ, ನನ್ನ ಗಿಂಡಿ ತಗೀಬೇಕಲ್ಲೋ."

"ಸೈನ್ಯ ಅದ ಅವ್ವ ಮ್ಯಾಲೆ."

"ನಿನ್ನ ಸೈನ್ಯ ಸುಡು. ಬಾಗಲಾ ನಂದು, ಟ್ರಂಕು ನಂದು, ಗಿಂಡಿ ನಂದು. ನಿಂದೇನದ ಅಲ್ಲಿ? ಸಾರಿಗಿ ಹಾಕಿ ಉಳದ ಬೀಜ."

ಮಗನಿಗೆ ಹೀಗೆ ಅಂದವರು ನನ್ನ ಕಡೆ ತಿರುಗಿದರೆ ಮಾತು ಇನ್ನೂ ಖಾರ. ಓಣಿಯ ಒಂದೊಂದು ಮನೆಗೂ ಅಣ್ಣಂದಿರು ಬರತೊಡಗಿದ್ದರು. ಟಾಂಗಾ ನಿಂತರೆ ಅತ್ತೆ ಬಾಗಿಲಿಗೆ ಹೋಗಿ ಇಣುಕಿ ಬಂದು, ಅಕ್ಕಿ ಆರಿಸುತ್ತಿದ್ದ ನನಗೆ ಕೇಳುವಂತೆ, "ಅವ್ರ ಮನೀಗಿ ಬಂದ್ರು" ಅನ್ನುವರು. ಸ್ವಲ್ಪ ಹೊತ್ತು ಬಿಟ್ಟು, "ಹುಣಸಿಬೀಜದ ಮ್ಯಾಲಿರೋ ಅಷ್ಟು ಜೀವ ನಿಮ್ಮ ಅಣ್ಣಗ ತಂಗಿ ಮ್ಯಾಲೆ ಇಲ್ಲ ಬಿಡು." ನಾನು ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದೆ.

ಆಗ ಓಣಿಯಲ್ಲಿ ಫೋನು ಯಾರ ಮನೆಯಲ್ಲೂ ಇರಲಿಲ್ಲ. ಬುಟ್ಟಿ ಹೊತ್ತು ಬರುವ ನಮ್ಮೂರಿನ ಬಾಳೆಹಣ್ಣಿನವಳ ಕೈಯಲ್ಲಿ ಅಣ್ಣನಿಗೆ ಹೇಳಿಕಳಿಸಿದೆ, ಹಬ್ಬಕ್ಕೆ ಬಂದು ಕರೆ ಅಂತ. ಮುಂದಿನ ಸಂತೆಯ ದಿನ ಅವಳು ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈ ಇಟ್ಟಳು.

"ನಿಮ್ಮಣ್ಣ ಅಂದಾನ, ಆ ನಾಲ್ಕು ನಡೀತಾವ ಅಂತ ಅಳಿಯ ಹೇಳ್ಲಿ, ನಾಳೆ ಬೆಳಿಗ್ಗೀನ ಬರ್ತೀನಿ ಅಂತ. ಯವ್ವಾ, ಏನ್ ಬೀಜನ ಅವು? ಬಿತ್ತೋವೇನು?"

"ಬಿತ್ತೋವಲ್ಲಬೇ."

"ಮತ್ತ ಉಣ್ಣೋವೇನು?"

"ಉಣ್ಣೋವೂ ಅಲ್ಲ."

"ಬಿತ್ತೋದಲ್ಲ ಉಣ್ಣೋದಲ್ಲ, ಅದಕ್ಕ ಇಷ್ಟು ಜಿದ್ದೇನು?" ಎಂದು ಅವಳು ಎರಡು ಹಣ್ಣು ನನ್ನ ಕೈಗೆ ಹಾಕಿ ಬುಟ್ಟಿ ಎತ್ತಿಕೊಂಡಳು.

ಇವರಿಗೆ ಹೇಳಿದೆ. "ಆಟದ ಮಾತು ಬ್ಯಾರೆ, ಹಬ್ಬದ ಮಾತು ಬ್ಯಾರೆ. ಅಂವ ಬಂದು ಕರೀಲಿ, ನಾ ಬ್ಯಾಡ ಅಂದೀನೇನು?" ಎಂದರು. "ನಾಲ್ಕು ಹೆಜ್ಜಿ ನಡೀತಾವ ಅಂತ ಬಾಯಿ ಮಾತಿಗಿ ಅನ್ರಲ್ಲ" ಎಂದೆ. "ಹೆಂಗಂತೀನಿ? ನಡ್ಯಂಗಿಲ್ಲ ಅವು." ಸುಳ್ಳು ಹೇಳದ ಮನುಷ್ಯರು ಮನೆಯಲ್ಲಿದ್ದರೆ ಇಂಥ ಕಷ್ಟ.

ಪಂಚಮಿಯ ಹಿಂದಿನ ದಿನ, ಚೌತಿಯ ಬೆಳಿಗ್ಗೆ, ಇವರು ಕನ್ನಡಿ ಮುಂದಿಟ್ಟುಕೊಂಡು ಗಡ್ಡ ಮಾಡಿಕೊಳ್ಳುತ್ತಿದ್ದರು. ನಾನು ಎರಡು ಸೀರೆಯ ಗಂಟು ಕಟ್ಟಿ ಬಗಲಿಗೆ ಇಟ್ಟುಕೊಂಡು ಬಂದು ನಿಂತೆ.

"ನಾ ಕಮಲಾಪುರಕ್ಕ ಹೊಂಟೀನ್ರಿ."

"ನಿಮ್ಮಣ್ಣ ಬಂದಾನೇನು?"

"ಇಲ್ಲ."

"ಮತ್ತ ಹುಕುಂ ಯಾರದು?"

"ಯಾರದೂ ಇಲ್ಲ. ನೀವೂ ಹೇಳವಲ್ರಿ, ಅಂವನೂ ಹೇಳವಲ್ಲ. ಇಬ್ಬರ ದನಿನೂ ನನಗ ಮುಟ್ಟವಲ್ದು."

ಸಾಬೂನಿನ ನೊರೆ ಒಂದೇ ಗಲ್ಲಕ್ಕಿತ್ತು. "ಸರದಾರ ಇಲ್ದ ನಡದವ್ರು" ಎಂದು ಶುರು ಮಾಡಿದರು.

"ಸಾಯ್ತಾರ. ಕೇಳೀನಿ. ಬಸ್ಸಿಗಿ ಹೊತ್ತಾತು."

ಬಾಗಿಲಲ್ಲಿ ಅತ್ತೆ ಅಡ್ಡ ಕುಳಿತಿದ್ದರು. ತಡೆಯಲಿಲ್ಲ, ಸರಿಯಲೂ ಇಲ್ಲ. "ಕರೀದ ಹೋದ ಮಗಳಿಗಿ ತವರಿನ ಹೊಸ್ತಿಲಾ ಎತ್ತರ ಆಗ್ತದ. ಎಡವಿ ಬಿದ್ದು ಅಳಕೋತ ಬಂದ್ರ ನಾ ಕೇಳಂಗಿಲ್ಲ ನೋಡು." ಅವರ ಮೊಣಕಾಲನ್ನು ದಾಟಿ ಬೀದಿಗಿಳಿದೆ.

ಹುಮನಾಬಾದ ಕಡೆಯ ಬಸ್ಸಿನಲ್ಲಿ ಕುಳಿತವರೆಲ್ಲ ಹಬ್ಬದ ಮಂದಿ. ನನ್ನ ಪಕ್ಕದಲ್ಲಿದ್ದವಳನ್ನು ಅವಳ ತಮ್ಮ ಕರೆದೊಯ್ಯುತ್ತಿದ್ದ. ಅವಳು ನನ್ನನ್ನು ನೋಡಿ, ಹಿಂದೆ ಮುಂದೆ ನೋಡಿ, "ನಿಮ್ಮವ್ರು ಎಲ್ಲಿ ಕೂತಾರ್ರಿ?" ಎಂದು ಕೇಳಿದಳು. "ಹಿಂದ" ಎಂದೆ. ಎಷ್ಟು ಹಿಂದೆ ಅಂತ ಅವಳು ಕೇಳಲಿಲ್ಲ.

ಕಮಲಾಪುರದಲ್ಲಿ ಇಳಿದು ಮನೆಯ ಮುಂದೆ ಬಂದಾಗ ಅವ್ವ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಹಿಟ್ಟು ಸೋರಿತು. ನನ್ನ ಹಿಂದೆ ಯಾರೂ ಇಲ್ಲವೆಂದು ತಿಳಿದ ಮೇಲೆ ಎದ್ದು ಹೋಗಿ ಹೊಸ್ತಿಲ ಒಳಗೆ ನಿಂತಳು. "ಅಲ್ಲೇ ಕಟ್ಟಿ ಮ್ಯಾಲೆ ಕೂಡು" ಎಂದಳು. ಕೂತೆ. ಅತ್ತೆ ಹೇಳಿದ ಎತ್ತರದ ಹೊಸ್ತಿಲು ಅದೇ ಎಂದು ತಿಳಿಯಿತು.

ಅಣ್ಣ ತೋಟದಿಂದ ಬಂದ. ಅಂಗಿಯ ತುಂಬ ಬಾಳೆಯ ಕರೆ.

"ಯಾರು ಕರದ್ರು?"

"ಯಾರೂ ಇಲ್ಲ."

"ಮತ್ತ ಹೆಂಗ ಬಂದಿ?"

"ಬಸ್ಸಿನ್ಯಾಗ."

"ಚಾಷ್ಟಿ ಮಾಡಬ್ಯಾಡ. ಮೊದಲ ಪಂಚಮಿ, ಅಣ್ಣ ಹೋಗಿ ಕರೀಲಿಲ್ಲ, ತಂಗಿ ತಾನ ಗಂಟು ಹೊತ್ಕೊಂಡು ಬಂದಾಳ ಅಂತ ಊರ ಮಂದಿ ನನ್ನ ಮಾರಿ ಮ್ಯಾಲೆ ಉಗುಳ್ತಾರ. ನಿನಗ ಅಷ್ಟೂ ತಿಳೀಲಿಲ್ಲೇನು?"

"ಸರದಾರ ಸತ್ತ ಮ್ಯಾಲೆ ತುಕಡಿ ತಾನ ನಡೀತದ ಅಂತ ಯಾರು ಅಂದಿದ್ರು?"

"ನಾ ಇನ್ನ ಸತ್ತಿಲ್ಲ."

"ಹಂಗಾದ್ರ ಬಂದು ಕರೀಬೇಕಾಗಿತ್ತು."

ಅವನು ಕೆಂಪಾದ. ಹೊಡೆದೇ ಬಿಡುತ್ತಾನೆ ಅನಿಸಿತು. ಒಳಗಿನಿಂದ ಅವ್ವ, "ಆಕಿ ಮಾತು ಖರೆ ಅದ" ಎಂದಳು. ಅವನು ಅವ್ವನ ಮೇಲೆ ತಿರುಗಿದ. "ಹಂಗಾದ್ರ ಒಳಗ ಕರಕೊ. ಕೂತಾಳಲ್ಲ ಕಟ್ಟಿ ಮ್ಯಾಲೆ ಭಿಕ್ಷೆದವ್ರಂಗ."

"ಕರೀದ ಹೆಂಗ ಒಳಗ ತಗೋಳ್ಲಿ? ನೀ ಹೋಗಿ ಕರದು ಬಾ."

"ಎಲ್ಲಿಗಿ ಹೋಗಿ? ಆಕಿ ಇಲ್ಲೇ ಕೂತಾಳ."

"ಆಕಿ ಎಲ್ಲೇ ಕೂಡ್ಲಿ. ಮಗಳನ್ನ ಕರಿಯೋದು ಕೊಟ್ಟ ಮನೀ ಬಾಗಲಾಗ. ಬಾಗಲ ಕಲಬುರ್ಗ್ಯಾಗ ಅದ."

ಅಣ್ಣ ಅವ್ವನನ್ನು ನೋಡಿದ, ನನ್ನನ್ನು ನೋಡಿದ. ನಮ್ಮಿಬ್ಬರ ನಡುವೆ ಇದ್ದ ಹೊಸ್ತಿಲನ್ನು ನೋಡಿದ. ಬಾಳೆಯ ಕರೆಯ ಅಂಗಿ ಬದಲಿಸದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಬೈಗುಳ ದೂರದವರೆ‌ಗೆ ಕೇಳುತ್ತಿತ್ತು, ಯಾರಿಗೆ ಅಂತ ತಿಳಿಯಲಿಲ್ಲ.

ನಾನು ಕಟ್ಟೆಯ ಮೇಲೆ, ಅವ್ವ ಹೊಸ್ತಿಲ ಒಳಗೆ. ಕರೆಯದ ಮಗಳನ್ನು ಒಳಗೆ ಬಿಡಬಾರದು, ಆದರೆ ಉಪವಾಸ ಕೂರಿಸಬೇಕು ಎಂದು ಯಾವ ರೂಢಿಯೂ ಹೇಳಿಲ್ಲವಲ್ಲ, ಬಾಳೆ ಎಲೆಯಲ್ಲಿ ರೊಟ್ಟಿ, ಕಾಳಿನ ಪಲ್ಯ, ಎರಡು ಶೇಂಗಾ ಉಂಡಿ ಹೊಸ್ತಿಲ ಮೇಲಿಂದ ಚಾಚಿದಳು. ಹಾದಿಯಲ್ಲಿ ಹೋಗುವ ಹೆಂಗಸರೆಲ್ಲ ನಿಂತು, "ಯಾವಾಗ ಬಂದಿ? ಹೊರಗ ಯಾಕ ಕೂತಿ?" ಅನ್ನುವರು. ಅವ್ವ ಒಳಗಿನಿಂದಲೇ, "ಒಳಗ ಸೆಕಿ ಅದ" ಎಂದು ಉತ್ತರ ಕೊಡುತ್ತಿದ್ದಳು. ಶ್ರಾವಣದ ತಂಪು ಗಾಳಿಗೆ ನನ್ನ ಸೆರಗು ಹಾರುತ್ತಿತ್ತು.

ಕಲಬುರಗಿಯಲ್ಲಿ ನಡೆದದ್ದನ್ನು ಆಮೇಲೆ ಅತ್ತೆ ಹೇಳಿದರು. ಹೇಳುವಾಗ ಇಬ್ಬರ ದನಿಯನ್ನೂ ಅವರೇ ಮಾಡಿದರು, ಅಣ್ಣನದು ಸ್ವಲ್ಪ ಹೆಚ್ಚು ಚೆನ್ನಾಗಿ ಬಂತು.

ಹಬ್ಬದ ರಜೆ, ಇವರು ಮನೆಯಲ್ಲೇ ಇದ್ದರು. ಅಣ್ಣ ಬಂದು ಬಾಗಿಲ ಹೊರಗೆ ನಿಂತ.

"ಬೀಗರ, ತಂಗೀನ ಕರೀಲಿಕ್ಕಿ ಬಂದೀನ್ರಿ."

"ನಿಮ್ಮ ತಂಗಿ ಮನ್ಯಾಗಿಲ್ರಿ, ಬೀಗರ."

"ಗೊತ್ತದರಿ. ನಮ್ಮ ಕಟ್ಟಿ ಮ್ಯಾಲೆ ಕೂತಾಳ."

"ಮತ್ತ ಇಲ್ಲೇನು ಕರೀತೀರಿ?"

"ಕರಿಯೋ ಬಾಗಲಾ ಇದು. ನೀವು ಹ್ಞೂಂ ಅಂದ್ರ ನಾ ಹೋಗ್ತೀನಿ."

"ಒಳಗ ಬಂದು ಕೇಳ್ರಿ, ಅಂತೀನಿ. ಬೀದ್ಯಾಗ ನಿಂತು ಕೇಳಿದವ್ರಿಗಿ ನಾ ಏನೂ ಅನ್ನಂಗಿಲ್ಲ."

"ನಾಲ್ಕು ಬೀಜ ನಡೀತಾವ ಅನ್ರಿ, ಬರ್ತೀನಿ."

"ನಡ್ಯಂಗಿಲ್ರಿ."

ಬಿಸಿಲು ಏರಿತು. ಒಬ್ಬರು ಒಳಗೆ ಕುರ್ಚಿಯ ಮೇಲೆ, ಒಬ್ಬರು ಹೊರಗೆ ಕಂಬಕ್ಕೆ ಒರಗಿ. ಚೌತಿಗೂ ಹಾಲೆರೆಯುವ ರೂಢಿ, ಓಣಿಯ ಮಂದಿ ಹುತ್ತಕ್ಕೆ ಹೊರಟಿದ್ದರು. ಹೋಗುವವರು ಅಣ್ಣನನ್ನು ನೋಡಿ, "ಕರೀಲಿಕ್ಕಿ ಬಂದೀರೇನ್ರಿ? ಭಾಳ ತಡಾ ಮಾಡಿದ್ರಿ" ಎಂದು ಕುಟುಕಿ ಹೋಗುತ್ತಿದ್ದರು. ಅತ್ತೆ ಮಡಿಯುಟ್ಟು, ಹಾಲು ಕಾಸಿ, ನಡುಮನೆಗೆ ಬಂದು ಮಗನನ್ನು ನೋಡಿದರು, ಬೀಗನನ್ನು ನೋಡಿದರು. ಟ್ರಂಕುಗಳ ಮೇಲಿನ ಬಾಗಿಲಿನ ಒಂದು ತುದಿಗೆ ಕೈ ಹಾಕಿ ಎತ್ತಿಬಿಟ್ಟರು.

ಗುಡ್ಡ ಉರುಳಿತು. ಬಟ್ಟಲು ಶಹಾಬಾದಿ ಕಲ್ಲಿನ ನೆಲದ ಮೇಲೆ ಖಣಖಣ ಅಂದಿತು. ಕರಿ ಬಿಳಿ ಎರಡೂ ಫೌಜು ಕೂಡಿ ಮೂಲೆ ಮೂಲೆಗೆ ಓಡಿದವು. ಇವರು "ಅವ್ವ" ಅನ್ನುವುದರೊಳಗೆ ಹೊರಗಿದ್ದ ಅಣ್ಣ, "ನನ್ನ ನಾಲ್ಕು, ನನ್ನ ನಾಲ್ಕು" ಎನ್ನುತ್ತ ಚಪ್ಪಲಿ ಸಮೇತ ಒಳಗೆ ಹಾರಿಬಂದು ಮೊಣಕಾಲೂರಿ ಕುಳಿತ. ಇವರೂ ಕುಳಿತರು. ಇಬ್ಬರೂ ಒಂದೇ ಗುಲಗಂಜಿಗೆ ಕೈ ಹಾಕಿದರಂತೆ.

ಅತ್ತೆ ಟ್ರಂಕು ತೆಗೆದು ಗಿಂಡಿ ಕೈಗೆ ತೆಗೆದುಕೊಂಡು, ಸೆರಗಿನಿಂದ ಒರೆಸುತ್ತ, ನಿಧಾನವಾಗಿ ಹೇಳಿದರು. "ಬೀಗರು ಹೊಸ್ತಿಲಾ ದಾಟಿ ಒಳಗ ಬಂದಾರ. ಕುಡೀಲಿಕ್ಕಿ ನೀರು ಕೊಡೋ."

ಮನೆಯೊಳಗೆ ಬಂದವರಿಗೆ ನೀರು ಕೊಡದಿರಲು ಇವರಿಗೂ ಬರುವುದಿಲ್ಲ, ಕೊಟ್ಟ ನೀರು ಕುಡಿಯದಿರಲು ಅವನಿಗೂ ಬರುವುದಿಲ್ಲ. ಕೊಟ್ಟರು, ಕುಡಿದ. "ಕರೀಲತ್ತೀನ್ರಿ" ಅಂದ. "ಕಳಿಸ್ಲತ್ತೀನ್ರಿ" ಅಂದರು. ಇದಿಷ್ಟು ಮುಗಿದ ಮೇಲೆ ಮತ್ತೆ ಹತ್ತಿಕೊಂಡಿತು. ಚೆಲ್ಲಿದ ಬಿಳಿ ಬೀಜಗಳಲ್ಲಿ ಹಳ್ಳ ದಾಟಿದ ಆ ನಾಲ್ಕು ಯಾವವು? ಅಣ್ಣ ನಾಲ್ಕನ್ನು ಆರಿಸಿದ. "ಅವಲ್ರಿ" ಎಂದರು ಇವರು, "ಅದು ಗುಡ್ಡದ ಹಿಂದಿತ್ತು." "ನನ್ನ ಸಿಪಾಯಿಗಳ ಗುರುತು ನನಗ ಇಲ್ಲೇನ್ರಿ?" ಎಂದ ಅಣ್ಣ. ಅತ್ತೆ ಹುತ್ತಕ್ಕೆ ಹೋಗಿ ಹಾಲೆರೆದು ತಿರುಗಿ ಬಂದರೂ ಇಬ್ಬರೂ ನೆಲದ ಮೇಲೆಯೇ ಇದ್ದರಂತೆ.

ಇಳಿಹೊತ್ತಿಗೆ ಅಣ್ಣ ಕಮಲಾಪುರಕ್ಕೆ ಬಂದ. ಪ್ಯಾಂಟಿನ ಮೊಣಕಾಲಿಗೆ ಧೂಳು. "ಕರದು ಬಂದೀನಿ. ಒಳಗ ನಡಿ" ಎಂದ, ಅಷ್ಟೇ. ಅವ್ವ ನನ್ನ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡಳು. ಇಡೀ ದಿನ ಕುಳಿತ ಕಟ್ಟೆಯಿಂದ ಒಳಗಿನ ಒಂದು ಹೆಜ್ಜೆಗೆ ನನ್ನ ಕಣ್ಣು ತುಂಬಿದವು, ಅದನ್ನು ಅಣ್ಣ ನೋಡದಂತೆ ಅಡುಗೆಮನೆಗೆ ಹೋದೆ.

ಮರುದಿನ ಪಂಚಮಿ. ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಮನೆಯವರೆಲ್ಲರ ಪಾಲು ಹೆಸರಿಸಿ ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ಅತ್ತೆಯ ಪಾಲು ಎರೆದೆ. ಇವರ ಪಾಲಿಗೆ ಕೈ ಎತ್ತಿದಾಗ ಹಿಂದೆ ನಿಂತಿದ್ದ ಅಣ್ಣ, "ಅವ್ರ ಪಾಲು ಅವ್ರ ಮನ್ಯಾಗ ಎರೀತಾರ ಬಿಡು, ಇಲ್ಲಿ ಹಾಲು ಕಡಿಮಿ ಅದ" ಎಂದ. ನಾನು ಗಿಂಡಿಯನ್ನು ಪೂರ್ತಿ ಬಗ್ಗಿಸಿದೆ. ಜೋಕಾಲಿ ಆಡುವಾಗ ಮಾತ್ರ ಅವನೇ ತೂಗಿದ. ಸಿಟ್ಟಿತ್ತೋ ಏನೋ, ಬಹಳ ಎತ್ತರಕ್ಕೆ ತೂಗಿದ.

ಉಂಡಿಯ ಬುಟ್ಟಿ ಹೊತ್ತು ನಾನು ಕಲಬುರಗಿಗೆ ಬಂದ ಮೇಲೆ ಅವರ ಆಟ ಮತ್ತೆ ಶುರುವಾಯಿತು, ದೋಸ್ತಿ ಆಗಲಿಲ್ಲ. ಅಣ್ಣ ಭಾನುವಾರ ಬರುವನು, ಬೀಗರ ಅನ್ನುವನು, ಆಡುವನು, ಹೋಗುವನು. ಎಷ್ಟೋ ವಾರ ಜಗಳಾಡಿ ಅಗಲಿದ ತುಕಡಿಗೆ ಒಂದು ನಿಯಮ ಕಟ್ಟಿದರು. ಕೂಗಳತೆಯ ಆಚೆ ಬಿದ್ದವರು ಯಾರ ಹುಕುಮಿಲ್ಲದೆ ನಡೆಯಬಹುದು, ಆದರೆ ತಮ್ಮ ಸರದಾರನ ಕಡೆಗೆ ಮಾತ್ರ. ವೈರಿಯ ಕಡೆಗೆ ಹೋಗಬೇಕಾದರೆ ಸರದಾರನೇ ಬಂದು ಬೆರಳು ಮುಟ್ಟಿಸಬೇಕು. ಇಬ್ಬರೂ ಇದು ತನ್ನದೇ ಮಾತು ಅಂದುಕೊಂಡರು. ಅಂದೇ ಸಂಜೆ ಇವರು, "ಹಂಗಾದ್ರ ಅವತ್ತ ಇಕಿ ಹೋಗಿದ್ದು ತಪ್ಪು. ಸರದಾರ ನಾನು, ನನ್ನ ಬಿಟ್ಟು ದೂರ ಹೋದಳು" ಎಂದರು. "ಸರಿ ಅದರಿ. ಸರದಾರ ನಾನು, ನನ್ನ ಕಡಿ ಬಂದಳು" ಎಂದ ಅಣ್ಣ. ಕವಡೆ ಹಿಡಿದು ಕುಳಿತ ನನ್ನನ್ನು ಯಾರೂ ಕೇಳಲಿಲ್ಲ. ಕವಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಎದ್ದೆ. ಅಂದು ಆಟ ಅಲ್ಲಿಗೇ ನಿಂತಿತು.

ಮರುವರ್ಷ ಪಂಚಮಿಗೆ ಅಣ್ಣ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಬಂದ. ಬೆಳಗಿನ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತು, "ಬೀಗರ, ತಂಗೀನ ಕರೀಲಿಕ್ಕಿ ಬಂದೀನ್ರಿ" ಅಂದ. ನಾನು ಗಂಟು ಕಟ್ಟಿಕೊಂಡು ಸಿದ್ಧಳಾಗಿದ್ದೆ. ಇವರು ಕುರ್ಚಿಯಿಂದ ಏಳದೆ ಅವನನ್ನು ನೋಡಿದರು.

"ಕಳಿಸ್ತೀನ್ರಿ. ಮೊದಲ ಆ ನಾಲ್ಕು ಬೀಜ ಖರೆ ಎಲ್ಲಿದ್ದವು ಹೇಳ್ರಿ."

ಅಣ್ಣ ಹೊಸ್ತಿಲ ಹೊರಗೆ ಕಂಬಕ್ಕೆ ಒರಗಿ, ಕೈಕಟ್ಟಿ, ಉತ್ತರಕ್ಕೆ ಬಾಯಿ ತೆರೆದ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಬಾಗಲಾ ಎತ್ಲೇನು?"